ಮೊದಲು ನಡೆದ ಇಪ್ಪತ್ತೆಂಟು ಮಂದಿ

ಚಿತ್ರಯ್ಯನಿಗೆ ಏಳು ವರ್ಷ ಗಡಿಪಾರು ಎಂದು ತೀರ್ಮಾನವಾದ ಮರುದಿನ ಬೆಳಿಗ್ಗೆ ನಮ್ಮೂರಿನ ಇಪ್ಪತ್ತೆಂಟು ಮಂದಿ ಹಿರಿಯರು ಒಂದೊಂದು ಗಂಟು ಹೊತ್ತುಕೊಂಡು ಊರಬಾಗಿಲು ದಾಟಿದರು. ಚಿತ್ರಯ್ಯ ದಾಟಲಿಲ್ಲ. ಅವನು ಬಾಗಿಲ ಬಲಗಡೆ ಹೆಂಡತಿ, ಮಗಳ ಜೊತೆ ನಿಂತು, ತಲೆವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ತನ್ನ ಶಿಕ್ಷೆಯನ್ನು ತನಗಿಂತ ಮೊದಲು ಅನುಭವಿಸಲು ಹೊರಟವರನ್ನು ನೋಡುತ್ತಿದ್ದ. ನಾನು ಎಡಗಡೆ ನಿಂತಿದ್ದೆ. ಸಾಕ್ಷಿ ಹೇಳಿದವನು ಎಡಗಡೆ ನಿಲ್ಲಬೇಕು.

ನಮ್ಮಲ್ಲಿ ಹಾಗೆಯೇ. ಇಪ್ಪತ್ತೆಂಟು ಮಂದಿ ಏನು ವಿಧಿಸಿದರೂ ಅದು ಮೊದಲು ಅವರ ಮೈಮೇಲೆ ಹಾದು ಆಮೇಲೆ ಬೇರೆಯವರನ್ನು ಮುಟ್ಟಬೇಕು. ಕಟ್ಟಳೆಯಾದರೆ ನಲವತ್ತು ದಿನ ತಾವು ಪಾಲಿಸಿ ನೋಡಿ, ಆಮೇಲೆ ಸಭೆಯ ಮುಂದಿಡಬೇಕು. ಗಡಿಪಾರಾದರೆ ವರ್ಷಕ್ಕೊಂದು ದಿನದಂತೆ ಗಡಿಗಲ್ಲಿನ ಆಚೆ ಹೋಗಿ ಇದ್ದು ಬರಬೇಕು. ಛಡಿಯೇಟಿನ ಶಿಕ್ಷೆ ನನ್ನ ಅಜ್ಜನ ಕಾಲಕ್ಕೇ ನಿಂತುಹೋಗಿತ್ತು. ಮರಣದಂಡನೆಯ ಮಾತು ಒಂದೇ ಒಂದು ಸಲ ಬಂದಿತ್ತಂತೆ. ಆ ಮಾತೆತ್ತಿದವನು ಎದುರಿಗೆ ಸಾಲಾಗಿ ಕೂತಿದ್ದ ಇಪ್ಪತ್ತೆಂಟು ಮುಖಗಳನ್ನು ಒಮ್ಮೆ ನೋಡಿ, ಅವುಗಳಲ್ಲಿ ತನ್ನ ತಾಯಿಯದೂ ಒಂದು ಎಂದು ಕಂಡು, ಕೂತುಬಿಟ್ಟನಂತೆ. ಒಂದು ಬೇಸಿಗೆಯಲ್ಲಿ ಮನೆಗೆ ದಿನಕ್ಕೆ ಎರಡೇ ಕೊಡ ನೀರು ಎಂಬ ಕಟ್ಟಳೆ ಬೇಕೆಂದು ಮೇಲುಕೇರಿಯವರು ಹಠ ಹಿಡಿದದ್ದು ನನಗೇ ನೆನಪಿದೆ. ಇಪ್ಪತ್ತೆಂಟು ಮನೆಗಳು ನಲವತ್ತು ದಿನ ಎರಡೆರಡು ಕೊಡದಲ್ಲಿ ಬದುಕಿದವು. ಕೊನೆಗೆ ಮೂರು ಕೊಡ ಎಂದು ನಿಗದಿಯಾಯಿತು. ಆ ಮೂರನೆಯ ಕೊಡ ಯಾತಕ್ಕೆ ಬೇಕು ಎನ್ನುವುದನ್ನು ಹಿರಿಯರ ಸೊಸೆಯಂದಿರು ಸಭೆಗೆ ಬಂದು ಯಾವ ಸಂಕೋಚವೂ ಇಲ್ಲದೆ ವಿವರಿಸಿದ್ದರು.

ಅರವತ್ತು ತುಂಬಿದವರು ಮಾತ್ರ ಆ ಇಪ್ಪತ್ತೆಂಟು ಪೀಠಗಳಿಗೆ ಅರ್ಹರು. ಗಂಡಾಗಲಿ ಹೆಣ್ಣಾಗಲಿ, ಒಮ್ಮೆ ಕೂತರೆ ಸಾಯುವ ತನಕ, ಇಲ್ಲವೇ ಮೈಯಲ್ಲಿ ಆಗದೆ ತಾವಾಗಿ ಬಿಟ್ಟುಕೊಡುವ ತನಕ. ಹಾಗಾಗಿ ಮನೆಯಲ್ಲಿ ಯಾರಿಗಾದರೂ ಐವತ್ತೆಂಟು ದಾಟಿತೆಂದರೆ ಹೆಂಡತಿ ಮಕ್ಕಳು ಬೆಳಿಗ್ಗೆ ಎಬ್ಬಿಸಿ ಬೆಟ್ಟದ ಬುಡದ ತನಕ ನಡೆಸಿಕೊಂಡು ಬರುತ್ತಿದ್ದರು. ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ನಮ್ಮೂರ ಚಮ್ಮಾರರು ಮುದುಕರ ಕೆರಕ್ಕೆ ಮೂರು ಪದರ ಅಟ್ಟೆ ಹೊಲಿಯುತ್ತಿದ್ದರು. ಸಣ್ಣ ಜಗಳಗಳು ಜಗಲಿಯಲ್ಲೇ ತೀರಿಹೋಗುತ್ತಿದ್ದವು. ಪಕ್ಕದ ಮನೆಯವನ ಮೇಲೆ ದೂರು ಕೊಡಬೇಕೆಂದು ಹೊರಟವನಿಗೆ ಅದನ್ನು ಮೊದಲು ಹೊರಬೇಕಾದವರ ನಡ, ಕೆಮ್ಮು, ಕಣ್ಣಿನ ಪೊರೆ ಎಲ್ಲಾ ನೆನಪಾಗುತ್ತಿದ್ದವು. ಇದಕ್ಕೆಲ್ಲ ಕಾರಣ ಕೇಳಿದವರನ್ನು ನಾನು ಕಂಡಿಲ್ಲ. ಹುಟ್ಟಿದಂದಿನಿಂದ ನಾವು ನೋಡಿದ್ದು ಇದೇ.

ಅವತ್ತು ಬಾಗಿಲು ದಾಟಿದವರಲ್ಲಿ ಹನ್ನೊಂದನೆಯವಳು ನನ್ನ ದೊಡ್ಡವ್ವ ಗಾದ್ರಮ್ಮ. ನನ್ನ ತಾಯಿ ನನ್ನನ್ನು ಹೆತ್ತ ವರ್ಷವೇ ತೀರಿಕೊಂಡಳು; ಸಾಕಿದವಳು ಅವಳ ಅಕ್ಕನಾದ ಇವಳು. ಎಪ್ಪತ್ತೆರಡು ವರ್ಷದ ಹೆಂಗಸು, ನೋಡಲು ಗಿಡ್ಡ, ಬಲಗಿವಿ ಮಂದ. ನನ್ನ ಎದುರಿಗೆ ಬಂದಾಗ ನಿಂತಳು. ಹೊರಟವರು ಮಾತಾಡಬಾರದೆಂದೇನೂ ಇರಲಿಲ್ಲ, ಆದರೂ ಯಾರೂ ಮಾತಾಡಿರಲಿಲ್ಲ.

"ಒಲೆ ಮೇಲೆ ಹಾಲೈತೆ. ಬೆಕ್ಕು ಬಾಯಿ ಹಾಕೋದ್ರಾಗೆ ಹೋಗಿ ಮುಚ್ಚು" ಎಂದಳು.

ಅಷ್ಟು ಹೇಳಿ ನಡೆದಳು. ನಾನು ಮನೆಗೆ ಹೋಗಿ ಹಾಲು ಮುಚ್ಚಿದೆ. ಮತ್ತೆ ಊರಬಾಗಿಲ ಕಡೆ ಹೋಗಲಿಲ್ಲ. ಯಾಕೆಂದರೆ ಚಿತ್ರಯ್ಯ ಏನೂ ಮಾಡಿರಲಿಲ್ಲ, ಮತ್ತು ಅದು ನನಗೊಬ್ಬನಿಗೆ ಗೊತ್ತಿತ್ತು. ಕನಿಷ್ಠ ನಾನು ಹಾಗೆ ಅಂದುಕೊಂಡಿದ್ದೆ.

ನಾನು ಬಾವಿ ತೋಡುವವನು. ಅದೇ ನೀರಿನ ತೊಂದರೆಯಿಂದಾಗಿ ಕೆಳಕೇರಿಯಲ್ಲಿ ಹೊಸ ಬಾವಿ ತೋಡಬೇಕೆಂದು ಊರು ನನಗೆ ಒಪ್ಪಿಸಿತ್ತು. ನನ್ನ ಕೈಕೆಳಗೆ ಇಬ್ಬರು: ಹಗ್ಗ ಎಳೆಯಲು ಚಿತ್ರಯ್ಯ, ಕೆಳಗಿಳಿದು ಅಗೆಯಲು ಜಂಪಣ್ಣ. ಚಿತ್ರಯ್ಯನಿಗೆ ಆಗ ಐವತ್ತಾರು, ನನಗಿಂತ ಹದಿನೈದು ವರ್ಷ ದೊಡ್ಡವನು, ಮಾತು ಕಡಿಮೆ. ಜಂಪಣ್ಣ ನನ್ನ ವಾರಿಗೆಯವನು, ಹಾಡು ಹೇಳಿಕೊಂಡು ಅಗೆಯುವವನು. ಆ ಜಾಗದ ಮಣ್ಣು ಸಡಿಲ. ಅಂಥ ಕಡೆ ಅಗೆದಷ್ಟಕ್ಕೂ ಸುತ್ತ ಹಲಗೆ ಕೊಟ್ಟು ಮಣ್ಣು ತಡೆದು, ಕಲ್ಲು ಕಟ್ಟುವ ತನಕ ಆ ಹಲಗೆ ತೆಗೆಯಬಾರದು. ಇದು ಈ ಕೆಲಸ ಮಾಡುವವರೆಲ್ಲರಿಗೂ ಗೊತ್ತು. ಆರಾಳು ಆಳಕ್ಕೆ ಹೋದಾಗ ಹಲಗೆ ಸಾಲದೆ ಬಂತು. ಬಡಗಿ ಇನ್ನೆರಡು ದಿನ ಆಗುತ್ತದೆ ಎಂದ. ನನಗೆ ಆ ಎರಡು ದಿನ ಕಾಯಲು ಮನಸ್ಸಾಗಲಿಲ್ಲ. ಈ ಅಮಾವಾಸ್ಯೆಯೊಳಗೆ ನೀರು ತೋರಿಸುತ್ತೇನೆಂದು ಸಭೆಯಲ್ಲಿ ಎಲ್ಲರೆದುರು ಹೇಳಿಬಿಟ್ಟಿದ್ದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮೇಲಿನ ಸುತ್ತಿನಿಂದ ನಾಲ್ಕು ಹಲಗೆ ಬಿಚ್ಚಿ ಕೆಳಗಿನ ಸುತ್ತಿಗೆ ಹಾಕಿದೆ.

ಜಂಪಣ್ಣ ಬಂದು ಬಗ್ಗಿ ನೋಡಿದ. ಅವನ ಮುಖ ನನಗೆ ಈಗಲೂ ಕಾಣುತ್ತದೆ.

"ಮೇಸ್ತ್ರಿ, ಮಣ್ಣು ಬೆವರ್ತಾ ಐತೆ. ಇವತ್ತು ಬ್ಯಾಡ" ಎಂದ.

ಬೆವರೋದಲ್ಲ, ನೀರು ಹತ್ತಿರ ಬಂದಿದ್ದಕ್ಕೆ ತೇವ ಎಂದೆ. ಅವನು ಇನ್ನೊಂದು ಸಲ ನನ್ನ ಮುಖ ನೋಡಿ ಇಳಿದ. ಮಧ್ಯಾಹ್ನದ ಊಟಕ್ಕೆ ಮುಂಚೆ ಮಣ್ಣು ಕುಸಿಯಿತು. ನಾವಿಬ್ಬರೂ ಊರವರೂ ಸೇರಿ ಸಂಜೆಯ ತನಕ ತೋಡಿ ಅವನನ್ನು ಮೇಲೆ ತಂದೆವು. ಅವನ ಹೆಂಡತಿ ಪಾಲಕ್ಕ ಬಾವಿಯ ದಡದಲ್ಲಿ ಕೂತು ಸೆರಗಿನಿಂದ ಅವನ ಕಿವಿಯೊಳಗಿನ ಮಣ್ಣು ತೆಗೆಯುತ್ತಿದ್ದಳು. ತಿಪ್ಪಜ್ಜ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, ಮೇಲಿನ ಹಲಗೆ ತೆಗೆದವರು ಯಾರು ಎಂದು ಕೇಳಿದ. ತಿಪ್ಪಜ್ಜ ಇಪ್ಪತ್ತೆಂಟು ಮಂದಿಯಲ್ಲಿ ಹಿರಿಯ, ಎಂಬತ್ತು ದಾಟಿದವನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಿಜ ಹೇಳುತ್ತಿದ್ದೆನೋ ಏನೋ. ನಾನು ತಲೆಯೆತ್ತಿದೆ. ಎದುರಿಗೆ ಹಗ್ಗ ಸುತ್ತುತ್ತಾ ಚಿತ್ರಯ್ಯ ನಿಂತಿದ್ದ. ಅವನು ಎಂದೆ.

ವಿಚಾರಣೆ ಮೂರು ದಿನ ನಡೆಯಿತು. ನಾನು ಮೂರು ದಿನವೂ ಅದನ್ನೇ ಹೇಳಿದೆ. ಮಗಳ ಮದುವೆಗೆ ಮಂಚ ಮಾಡಿಸಲು ಹಲಗೆ ಬೇಕೆಂದು ಅವನು ಹಿಂದಿನ ದಿನ ಅನ್ನುತ್ತಿದ್ದನೆಂದೂ ಸೇರಿಸಿದೆ. ಅವನು ಹಾಗೆ ಅಂದದ್ದು ನಿಜ, ಆದರೆ ಬಡಗಿಯ ಅಂಗಡಿಯ ಹಲಗೆಯ ಬಗ್ಗೆ. ಬಾವಿಯ ಹಲಗೆಗಳೆಲ್ಲ ಕುಸಿತದಲ್ಲಿ ಮುರಿದು ಮಣ್ಣಿನಲ್ಲಿ ಬೆರೆತಿದ್ದರಿಂದ ಎಣಿಸಿ ನೋಡುವಂತಿರಲಿಲ್ಲ. ಒಂದು ಸುಳ್ಳಿಗೆ ಎಷ್ಟು ನಿಜಗಳು ಸಹಾಯಕ್ಕೆ ಬರುತ್ತವೆ ಎನ್ನುವುದು ನನಗೆ ಆಗ ತಿಳಿಯಿತು. ಚಿತ್ರಯ್ಯ ಮೊದಲ ದಿನ "ನಾನು ತೆಗೀಲಿಲ್ಲ" ಎಂದ. ಆಮೇಲೆ ಬಾಯಿ ಬಿಡಲಿಲ್ಲ. ಅವನ ಹೆಂಡತಿ ಮಾತಾಡು ಮಾತಾಡು ಎಂದು ತೋಳು ಹಿಡಿದು ಅಲ್ಲಾಡಿಸಿದರೂ ಬಿಡಲಿಲ್ಲ. ಆ ಮೌನವನ್ನು ಊರು ತಪ್ಪೊಪ್ಪಿಗೆ ಎಂದು ತಿಳಿಯಿತು. ನಾನೂ ಅವನ ಮೌನದ ಹಿಂದೆ ಅಡಗಿಕೊಂಡೆ. ಇಪ್ಪತ್ತೆಂಟು ಮಂದಿ ಏಳು ವರ್ಷ ಎಂದರು, ಸಭೆ ಒಪ್ಪಿತು.

ಗಡಿಪಾರಿನ ಜಾಗ ಊರಿಂದ ಒಂದು ಹರದಾರಿ, ದಿಬ್ಬದ ಆಚೆ. ಬಟ್ಟ ಬಯಲು. ಒಂದು ಕುಂಟೆ, ಅದರ ನೀರು ಒಗರು. ಸೂರಿಲ್ಲದ ನಾಲ್ಕು ಮೋಟು ಗೋಡೆ. ಅಲ್ಲಿಗೆ ಹೋಗುವವರು ಒಂದು ಕಂಬಳಿ, ಒಂದು ಪಾತ್ರೆ, ಜೋಳದ ಹಿಟ್ಟು ಬಿಟ್ಟು ಇನ್ನೇನೂ ಒಯ್ಯುವಂತಿಲ್ಲ. ಆ ದಾರಿಗೆ ಕಾವಲಿಲ್ಲ. ಯಾರೂ ಹೋಗಬಾರದು, ಒಬ್ಬನನ್ನು ಬಿಟ್ಟು. ಸಾಕ್ಷಿ ಹೇಳಿದವನು ಯಾವಾಗ ಬೇಕಾದರೂ ಹೋಗಿ ತನ್ನ ಮಾತನ್ನು ಗಟ್ಟಿ ಮಾಡಬಹುದು ಅಥವಾ ವಾಪಸು ತೆಗೆದುಕೊಳ್ಳಬಹುದು.

ಮೊದಲ ದಿನ ನಾನು ಮನೆಯಿಂದ ಹೊರಗೆ ಬರಲಿಲ್ಲ. ಎರಡನೆಯ ದಿನ ನೆತ್ತಿ ಸುಡುವಷ್ಟು ಬಿಸಿಲು. ಎಲ್ಲರೂ ದಿಬ್ಬದ ಕಡೆ ನೋಡುವವರೇ. ಹಿರಿಯರು ಹೊರಗಿದ್ದ ದಿನಗಳಲ್ಲಿ ಊರಿನವರು ಊಟದಲ್ಲಿ ಉಪ್ಪಿನಕಾಯಿ ಮುಟ್ಟುತ್ತಿರಲಿಲ್ಲ, ಮಂಚದ ಮೇಲೆ ಮಲಗುತ್ತಿರಲಿಲ್ಲ. ಯಾರೂ ಹೇಳಿದ್ದಲ್ಲ, ತಾವಾಗಿ ರೂಢಿಯಾದದ್ದು. ಮೂರನೆಯ ದಿನ ಕೆಳಕೇರಿಯಲ್ಲಿ ಸುತ್ತಿಗೆಯ ಸದ್ದು ಕೇಳಿಸಿತು. ಹೋಗಿ ನೋಡಿದರೆ ಚಿತ್ರಯ್ಯ ಒಬ್ಬನೇ ಅದೇ ಬಾವಿಗೆ ಇಳಿದು, ಹೊಸ ಹಲಗೆ ಕೊಟ್ಟು, ಕಲ್ಲು ಕಟ್ಟುತ್ತಿದ್ದ. ಶಿಕ್ಷೆಯಾದವನಿಗೆ ಆ ದಿನಗಳಲ್ಲಿ ಯಾವ ಕೆಲಸವೂ ಇಲ್ಲ. ಹೆಂಡತಿ ಮಕ್ಕಳ ಜೊತೆ ಇರಲಿ ಎಂದೇ ಬಿಟ್ಟಿರುತ್ತಾರೆ. ನಾನು ದಡದಲ್ಲಿ ನಿಂತದ್ದರಿಂದ ಒಳಗೆ ನೆರಳು ಬಿತ್ತು. ಅವನು ಮೇಲೆ ನೋಡಿದ. ನನ್ನನ್ನು ಬಯ್ಯುತ್ತಾನೆಂದು ಕಾದೆ.

"ನಾನು ಹೋದ್ಮೇಲೆ ಇದನ್ನ ಕಟ್ಟೋರು ಯಾರು? ಇನ್ನೊಬ್ಬರು ಬೀಳ್ತಾರೆ. ಆ ಚಿಕ್ಕ ಕಲ್ಲು ಇಳಿಸು" ಎಂದ.

ಬುಟ್ಟಿಯಲ್ಲಿ ಕಲ್ಲು ಹಾಕಿ ಇಳಿಸಿದೆ. ಆ ದಿನವೂ ಮರುದಿನವೂ ನಾನು ಮೇಲಿನಿಂದ ಕಲ್ಲು ಇಳಿಸುವುದು, ಅವನು ಕೆಳಗೆ ಕಟ್ಟುವುದು. ನಾಲ್ಕನೆಯ ದಿನ ಸಂಜೆ ದಿಬ್ಬದ ಮೇಲೆ ಹೊಗೆ ಕಾಣಿಸಿತು, ಎರಡು ಎಳೆ. ಹಿರಿಯರು ದಿನಾ ಸಂಜೆ ಹೊಗೆಯೆಬ್ಬಿಸಿ ಊರಿಗೆ ಸುದ್ದಿ ಮುಟ್ಟಿಸುತ್ತಾರೆ; ಒಂದು ಎಳೆ ಎಂದರೆ ಎಲ್ಲರೂ ಕ್ಷೇಮ. ಎರಡು ಎಂದರೆ ಒಬ್ಬರಿಗೆ ಮೈ ಸರಿಯಿಲ್ಲ. ಯಾರಿಗೆ ಎಂದು ತಿಳಿಯುವ ದಾರಿಯಿಲ್ಲ. ಹಿರಿಯರ ಇಪ್ಪತ್ತೆಂಟು ಮನೆಗಳೂ ತಮ್ಮವರಿಗೇ ಎಂದುಕೊಂಡು ಬಾಗಿಲಲ್ಲಿ ನಿಂತವು. ಚಿತ್ರಯ್ಯ ಬಾವಿಯಿಂದ ಮೇಲೆ ಬಂದು ಆ ಹೊಗೆ ನೋಡಿ, ಅಲ್ಲೇ ಮಣ್ಣಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ. ತಾನು ಮಾಡದ ತಪ್ಪಿಗೆ ಯಾರೋ ಅಲ್ಲಿ ನರಳುತ್ತಿದ್ದಾರೆಂದು ಅವನಿಗೆ ನೋವಾಗಿತ್ತು. ನಾನು ನಿಂತೇ ಇದ್ದೆ.

ಮರುದಿನ ಹೊತ್ತು ಮೂಡುತ್ತಲೇ ದಿಬ್ಬ ಹತ್ತಿದೆ.

ಹಿರಿಯರು ಮೋಟುಗೋಡೆಯ ನೆರಳಲ್ಲಿ ಒತ್ತಾಗಿ ಕೂತಿದ್ದರು. ತುಟಿ ಒಡೆದಿದ್ದವು, ಮುಖಗಳು ಸುಟ್ಟಿದ್ದವು. ಕೆಲವರು ಕುಂಟೆಯ ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದರು. ಹಿಂದೆಂದೋ ಯಾರೋ ಬಿಟ್ಟುಹೋದ ಕಲ್ಲುಗಳನ್ನು ಇಬ್ಬರು ಮುದುಕಿಯರು ಉರುಳಿಸಿ ತಂದು, ಮುಂದೆ ಬರುವವನಿಗೆ ಅನುಕೂಲವಾಗಲಿ ಎಂದು ಗೋಡೆಯ ಸಂದಿಗೆ ತುಂಬುತ್ತಿದ್ದರು. ಎರಡು ಕಂಬಳಿಗಳ ಕೆಳಗೆ ದೊಡ್ಡವ್ವ ಮಲಗಿದ್ದಳು. ನಾನು ನಿಂತುಕೊಂಡೇ ಹೇಳತೊಡಗಿದೆ. ತಿಪ್ಪಜ್ಜ ಕೈಯೆತ್ತಿ ತಡೆದ.

"ಕೂತ್ಕಂಡು ಹೇಳಪ್ಪ. ನಿಂತೋರ ಮಾತು ನಮ್ಮ ಕಿವಿಗೆ ಸರಿಯಾಗಿ ಬೀಳಲ್ಲ."

ಕೂತು ಹೇಳಿದೆ. ಅಮಾವಾಸ್ಯೆಯ ಮಾತಿನಿಂದ ಹಿಡಿದು ಜಂಪಣ್ಣ ನನ್ನ ಮುಖ ನೋಡಿ ಇಳಿದ ತನಕ ಎಲ್ಲ ಹೇಳಿದೆ. ಮುಗಿದ ಮೇಲೆ ಇನ್ನೊಂದು ಸಲ ಮೊದಲಿಂದ ಹೇಳು ಎಂದರು. ಹೇಳಿದೆ. ಎರಡನೆಯ ಸಲ ಹೇಳುವುದು ಹೆಚ್ಚು ಕಷ್ಟವಾಯಿತು. ಕಂಬಳಿಯ ಒಳಗಿಂದ ದೊಡ್ಡವ್ವನ ದನಿ ಬಂತು.

"ಐದು ದಿನ ಹಿಡೀತು ನಿನಗೆ."

ಅವಳಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಆಮೇಲೆ ಕೇಳುವ ಧೈರ್ಯವೂ ಬರಲಿಲ್ಲ. ಅವಳನ್ನು ನಾನು ಬೆನ್ನ ಮೇಲೆ ಹೊತ್ತುಕೊಂಡು ಊರಿಗೆ ಬಂದೆ. ದಾರಿಯುದ್ದಕ್ಕೂ ಇಪ್ಪತ್ತೇಳು ಮಂದಿ ಹಿಂದೆ ಬರುತ್ತಿದ್ದ ಕೆರದ ಸದ್ದು ಕೇಳುತ್ತಿತ್ತು.

ಸಭೆ ಸೇರಿತು. ಚಿತ್ರಯ್ಯನ ಮೇಲಿನ ತೀರ್ಮಾನ ಬಿದ್ದುಹೋಯಿತು. ತಿಪ್ಪಜ್ಜ ಎದ್ದು ನಿಂತು ಚಿತ್ರಯ್ಯನ ಎದುರಿಗೆ ಬಂದು, ಇಪ್ಪತ್ತೆಂಟು ಮಂದಿಯ ಪರವಾಗಿ ಕೈಮುಗಿದು, ನಾವು ತಪ್ಪು ಮಾಡಿದೆವು ಎಂದ. ಪಾಲಕ್ಕನ ಮುಂದೆಯೂ ಹೋಗಿ ಹಾಗೆಯೇ ಹೇಳಿದ. ಸುಳ್ಳು ಸಾಕ್ಷಿ ಹೇಳಿದವನಿಗೆ, ಆ ಸುಳ್ಳಿನಿಂದ ಇನ್ನೊಬ್ಬನಿಗೆ ಏನಾಗುತ್ತಿತ್ತೋ ಅದೇ ಆಗಬೇಕು. ಅದರಲ್ಲಿ ಚರ್ಚೆಯಿಲ್ಲ. ಹಲಗೆ ತೆಗೆದದ್ದೂ ಅದರಲ್ಲೇ ಸೇರಿ ನನಗೆ ಏಳು ವರ್ಷ. ನಾನು ಸಭೆಯ ನಡುವೆ ನಿಂತು ಒಂದೇ ಒಂದು ಬೇಡಿಕೆ ಇಟ್ಟೆ. ನಾನು ಈಗಲೇ ಹೋಗುತ್ತೇನೆ, ನೀವು ಬರಬೇಡಿ, ಐದು ದಿನ ಆಗಲೇ ಅಲ್ಲಿದ್ದು ಬಂದಿದ್ದೀರಿ, ಅದನ್ನೇ ನನ್ನದೆಂದು ಹಿಡಿಯಿರಿ ಎಂದೆ. ಊರಿನ ಬಹಳ ಜನರಿಗೂ ಅದು ಸರಿಯೆನ್ನಿಸಿತು. ಹೌದು ಹಾಗೇ ಮಾಡಿ ಎಂದು ಹಿಂದಿನ ಸಾಲಿನಿಂದ ಮಾತು ಬಂತು. ಚಿತ್ರಯ್ಯನೂ ತಲೆಯಾಡಿಸಿದ.

ತಿಪ್ಪಜ್ಜ ಉಳಿದವರ ಮುಖ ನೋಡಿದ. ಅವನಿಗೆ ಅಷ್ಟು ಸಾಕಾಯಿತು.

"ಆ ಐದು ದಿನ ಚಿತ್ರಯ್ಯಂದು. ನಿಂದು ಬೇರೆ" ಎಂದ.

ಎರಡು ದಿನ ಸುಧಾರಿಸಿಕೊಂಡು ಮೂರನೆಯ ದಿನ ಹೊರಡುವುದೆಂದಾಯಿತು. ಹೊರಡುವ ಮುನ್ನಾದಿನ ಹಿರಿಯರ ಒಟ್ಟೂಟ. ಆ ಊಟದಲ್ಲಿ ಒಬ್ಬೊಬ್ಬ ಹಿರಿಯರಿಗೂ ಎರಡು ಪಾಲು ಬಡಿಸುತ್ತಾರೆ. ಒಂದು ಅವರಿಗೆ, ಇನ್ನೊಂದನ್ನು ಎತ್ತಿಟ್ಟುಕೊಂಡು, ಊಟವಾದ ಮೇಲೆ ಹೊರಗೆ ಬಂದು, ತಾವು ಬಹಳವಾಗಿ ಮೆಚ್ಚಿದ ಒಬ್ಬರ ಕೈಗೆ ಕೊಡುತ್ತಾರೆ. ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಗೌರವ ಇಲ್ಲ. ಹನ್ನೆರಡು ವರ್ಷದಿಂದ ದೊಡ್ಡವ್ವನ ಎರಡನೆಯ ಪಾಲು ನನ್ನ ಕೈಗೇ ಬರುತ್ತಿತ್ತು. ಅವತ್ತು ಅವಳು ಕೋಲೂರಿಕೊಂಡು ಹೊರಗೆ ಬಂದಳು. ಗುಂಪಿನಲ್ಲಿ ನಾನೂ ಇದ್ದೆ. ನನ್ನ ಪಕ್ಕದಿಂದಲೇ ಹಾದು, ತೀರಾ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ ಪಾಲಕ್ಕನ ಹತ್ತಿರ ಹೋಗಿ, ಎಲೆಯಲ್ಲಿ ಸುತ್ತಿದ್ದ ರೊಟ್ಟಿ, ಬೆಲ್ಲ, ತುಪ್ಪ ಅವಳ ಕೈಗಿಟ್ಟಳು. ಪಾಲಕ್ಕ ಅದನ್ನು ಹಿಡಿದುಕೊಂಡು, ಗಂಡ ಸತ್ತ ಮೇಲೆ ಮೊದಲ ಸಲ ಎಲ್ಲರೆದುರು ಅತ್ತಳು. ನನಗೆ ನಾಚಿಕೆಯಾಯಿತು, ಆದರೆ ಅದಕ್ಕಿಂತ ಹೆಚ್ಚಾಗಿ ನನ್ನ ದೊಡ್ಡವ್ವನ ಬಗ್ಗೆ ಹೆಮ್ಮೆಯಾಯಿತು. ಹೀಗೆ ಹೇಳುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು.

ಮನೆಗೆ ಬಂದ ಮೇಲೆ ಅವಳ ಕಾಲು ಒತ್ತುತ್ತಾ, ಪೀಠ ಬಿಟ್ಟುಕೊಡು ದೊಡ್ಡವ್ವ ಎಂದು ಬೇಡಿಕೊಂಡೆ. ಮೈಯಲ್ಲಿ ಆಗದವರು ಪೀಠ ಬಿಟ್ಟುಕೊಟ್ಟು ಮನೆಯಲ್ಲಿ ಉಳಿಯಬಹುದು. ಯಾರೂ ಹೀನಾಯವಾಗಿ ಕಾಣುವುದಿಲ್ಲ. ಅವಳ ಮೈಯಲ್ಲಿ ಇನ್ನೂ ಜ್ವರವಿತ್ತು. ಅವಳು ನನ್ನ ತಲೆ ಮೇಲೆ ಕೈಯಾಡಿಸಿದಳು.

"ಊರೋರಿಗೆಲ್ಲ ಹೊತ್ತಿದೀನಿ. ಮನೆಯೋನ ಸರದಿ ಬಂದಾಗ ಕೈಲಾಗಲ್ಲ ಅನ್ನಲಾ?" ಎಂದಳು. ಆಮೇಲೆ, ಆ ನಾಲ್ಕು ಹಲಗೆ ತೆಗೆಯುವಾಗ ನಿನಗೆ ಹೆದರಿಕೆ ಆಗಲಿಲ್ಲವಾ ಎಂದು ಕೇಳಿದಳು. ಆಗಿತ್ತು ಎಂದೆ. ಅಷ್ಟಾದರೂ ಇತ್ತಲ್ಲ ಎಂದು ಗೋಡೆ ಕಡೆ ತಿರುಗಿ ಮಲಗಿದಳು.

ಈ ಸಲ ನಾನು ಬಾಗಿಲ ಬಲಗಡೆ ನಿಂತೆ. ಎಡಗಡೆ ನಿಲ್ಲಲು ಯಾರೂ ಇರಲಿಲ್ಲ. ನನ್ನ ವಿರುದ್ಧದ ಸಾಕ್ಷಿಯೂ ನಾನೇ ಆಗಿದ್ದೆ. ಇಪ್ಪತ್ತೆಂಟು ಮಂದಿಯೂ ಹೊರಟರು, ಒಬ್ಬರೂ ಹಿಂದುಳಿಯಲಿಲ್ಲ. ಒಂದು ವಾರದ ಹಿಂದಷ್ಟೇ ಒಡೆದಿದ್ದ ಅಂಗಾಲುಗಳು ಇನ್ನೂ ಮಾದಿರಲಿಲ್ಲ. ದೊಡ್ಡವ್ವನ ಒಂದು ತೋಳನ್ನು ತಿಪ್ಪಜ್ಜ ಹಿಡಿದಿದ್ದ. ಎಂಬತ್ತು ದಾಟಿದವನು ಎಪ್ಪತ್ತೆರಡರವಳನ್ನು ನಡೆಸಿಕೊಂಡು ಹೋಗುತ್ತಿದ್ದ. ನನ್ನಂಥ ಒಬ್ಬನಿಗಾಗಿ ಇಷ್ಟು ಜನ ನಡೆಯುತ್ತಿದ್ದಾರೆ ಎನ್ನುವುದನ್ನು ನೋಡುತ್ತಾ ನಿಂತಿರುವುದಿದೆಯಲ್ಲ, ಮುಂದಿನ ಏಳು ವರ್ಷದಲ್ಲಿ ಅಷ್ಟು ಕಠಿಣವಾದ ಇನ್ನೊಂದು ದಿನ ನನಗೆ ಬರಲಿಲ್ಲ.

ಐದನೆಯ ದಿನದ ತನಕ ಒಂದೇ ಎಳೆ ಹೊಗೆ. ಆರನೆಯ ದಿನ ಸಂಜೆ ಹೊಗೆಯೇ ಕಾಣಲಿಲ್ಲ. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಏಳನೆಯ ದಿನ ಮುಗಿದು ಅವರು ವಾಪಸಾದಾಗ ಇಪ್ಪತ್ತೇಳು ಮಂದಿ, ದೊಡ್ಡವ್ವನನ್ನು ಕಂಬಳಿಯಲ್ಲಿ ಹೊತ್ತು ತಂದಿದ್ದರು. ಒಂದು ದಿನ ಮೊದಲೇ ತರಬಹುದಿತ್ತು. ಆದರೆ ಅವಳ ಏಳು ದಿನ ಪೂರ್ತಿಯಾಗಲಿ ಎಂದು ಕಾದರಂತೆ. ಮಣ್ಣು ಮಾಡಲು ಗುಂಡಿ ತೋಡಿದವನು ನಾನೇ. ಅದಕ್ಕೆ ಯಾರೂ ಬೇಡವೆನ್ನಲಿಲ್ಲ. ನನ್ನ ಮೇಲೆ ಕೂಗಾಡಲೂ ಇಲ್ಲ. ಗುಂಡಿಯ ಇನ್ನೊಂದು ಬದಿಯಿಂದ ಚಿತ್ರಯ್ಯ ಮಣ್ಣು ಎಳೆದುಹಾಕುತ್ತಿದ್ದ. ಮರುದಿನ ಬೆಳಿಗ್ಗೆ ಒಂದು ಗಂಟು ಹೊತ್ತು ನಾನು ದಿಬ್ಬ ದಾಟಿದೆ.

ಆ ಜಾಗದಲ್ಲಿ ಬದುಕುವುದು ಹೇಗೆಂದು ನಾನೇನೂ ಕಂಡುಹಿಡಿಯಬೇಕಾಗಿರಲಿಲ್ಲ. ಹಿರಿಯರು ಮೋಟುಗೋಡೆಯ ಮೂಲೆಯೊಂದಕ್ಕೆ ಜಾಲಿ ಕೊಂಬೆ ಹಾಸಿ ಮಣ್ಣು ಬಳಿದು ಸೂರು ಮಾಡಿಟ್ಟಿದ್ದರು. ಕುಂಟೆಯ ಪಕ್ಕದಲ್ಲಿ ಒಂದು ಗುಂಡಿ ತೋಡಿ ಮರಳು ತುಂಬಿದ್ದರು; ನೀರು ಅದರೊಳಗೆ ಹಾದು ಬಂದರೆ ಒಗರು ಕಡಿಮೆಯಾಗುತ್ತಿತ್ತು. ಒಲೆಯ ಮೂರು ಕಲ್ಲು ಗಾಳಿಗೆ ಬೆನ್ನು ಮಾಡಿ ಇಟ್ಟಿದ್ದರು. ಶಿಕ್ಷೆ ಕೊಟ್ಟವರೇ ಹೀಗೆ ಒಂದೊಂದನ್ನೂ ಅಣಿ ಮಾಡಿಟ್ಟುಹೋಗಿದ್ದರು. ಹೊಟ್ಟೆಪಾಡಿಗೆ ಹುರುಳಿ ಬಿತ್ತಿದೆ. ಕುರಿ ಮೇಯಿಸಿಕೊಂಡು ಪರವೂರಿನವರು ಯಾವಾಗಾದರೂ ಬಂದರೆ ಮಾತು, ಇಲ್ಲದಿದ್ದರೆ ಇಲ್ಲ.

ಮೊದಲ ವರ್ಷ ಎರಡನೆಯ ತಿಂಗಳಲ್ಲಿ ಸೂಲಗಿತ್ತಿ ಮಾರವ್ವ ಗಂಟು ಹೊತ್ತು ಬಂದಳು. ದೊಡ್ಡವ್ವನ ಪೀಠಕ್ಕೆ ಅವಳನ್ನು ಆರಿಸಿದ್ದರು. ಹೊಸದಾಗಿ ಪೀಠಕ್ಕೆ ಬರುವವರು, ಆಗ ಯಾರಾದರೂ ಗಡಿಯಾಚೆ ಇದ್ದರೆ, ಆ ಶಿಕ್ಷೆಯನ್ನೂ ಮೊದಲು ಹೊತ್ತು ಆಮೇಲೆ ಕೂರಬೇಕು. ಮಾರವ್ವ ಏಳು ದಿನ ಇದ್ದಳು. ನನ್ನ ರೊಟ್ಟಿ ಕಲ್ಲಿನಂತಿದೆ ಎಂದು ಬಯ್ದು ಹಿಟ್ಟು ನಾದುವುದು ಕಲಿಸಿದಳು. ನನ್ನನ್ನು ಹೆರಿಗೆ ಮಾಡಿಸಿದವಳು ತಾನೇ ಎಂದೂ, ನಾನು ಕಾಲು ಮುಂದಾಗಿ ಬಂದೆನೆಂದೂ, ಆಗ ದೊಡ್ಡವ್ವ ಒಂದು ಹಗಲು ಪೂರ್ತಿ ನನ್ನ ತಾಯಿಯ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕೂತಿದ್ದಳೆಂದೂ ಹೇಳಿದಳು. ಎಂಟನೆಯ ದಿನ ಹೋದಳು.

ನಾಲ್ಕನೆಯ ವರ್ಷದ ಮಾಗಿಯಲ್ಲಿ ಒಂದು ಬೆಳಿಗ್ಗೆ ಹುರುಳಿ ಕೀಳುತ್ತಿದ್ದಾಗ ಊರ ಕಡೆಯಿಂದ ಕೂಗು ಕೇಳಿಸಿತು. ಗಾಳಿ ನನ್ನ ಕಡೆಗಿತ್ತು. ತಿಪ್ಪಜ್ಜ ಹೋಗಿಬಿಟ್ಟ ಎಂದು ತಿಳಿದೆ. ಅದು ನಿಜವೂ ಆಗಿತ್ತು. ಪೀಠಕ್ಕೆ ಆಳನ್ನು ಆರಿಸುವುದು ನಮ್ಮಲ್ಲಿ ಕೂಗಿನಿಂದ. ಪೀಠಕ್ಕೆ ಬರಲು ಒಪ್ಪಿದವರು ಒಬ್ಬೊಬ್ಬರಾಗಿ ಬಾಯಿ ಬಿಡದೆ ಜನರ ನಡುವೆ ನಡೆದು ಹೋಗುತ್ತಾರೆ, ಜನ ತಮಗೆ ಬೇಕಾದವರಿಗೆ ಕೂಗುತ್ತಾರೆ. ಕಿಟಕಿಯಿಲ್ಲದ ಕೋಣೆಯಲ್ಲಿ ಮೂವರು ಕೂತು, ಎಷ್ಟನೆಯ ಕೂಗು ದೊಡ್ಡದು ಎಂದಷ್ಟೇ ಗುರುತು ಹಾಕುತ್ತಾರೆ. ನಡೆದವರು ಯಾರೆಂದು ಅವರಿಗೆ ಕಾಣುವುದಿಲ್ಲ. ನಾನೂ ಹಾಗೆಯೇ ಎಣಿಸುತ್ತಾ ನಿಂತೆ. ಮೊದಲನೆಯದು ಸುಮಾರು. ಎರಡನೆಯದು ಅದಕ್ಕಿಂತ ಕಡಿಮೆ. ಮೂರನೆಯದು ಚೆನ್ನಾಗಿತ್ತು. ನಾಲ್ಕನೆಯ ಕೂಗಿಗೆ ದಿಬ್ಬದ ಮೇಲಿನ ಹಕ್ಕಿಗಳೆಲ್ಲ ಎದ್ದು ಹಾರಿದವು. ನಾಲ್ಕು ವರ್ಷದಿಂದ ನಾನು ಊರಿನ ದನಿ ಕೇಳಿರಲಿಲ್ಲ. ಯಾರಿಗೆಂದು ಗೊತ್ತಿಲ್ಲದಿದ್ದರೂ ಹುರುಳಿ ಹೊರೆ ಕೆಳಗಿಟ್ಟು ನಾನೂ ಕೂಗಿದೆ.

ಎರಡು ದಿನ ಬಿಟ್ಟು ದಿಬ್ಬದ ಮೇಲೆ ಒಬ್ಬ ಗಂಟು ಹೊತ್ತು ಬರುವುದು ಕಂಡಿತು. ನಡಿಗೆಯಿಂದಲೇ ಗುರುತು ಸಿಕ್ಕಿತು. ಚಿತ್ರಯ್ಯ. ಅವನಿಗೆ ಅರವತ್ತಾಗಿತ್ತು. ಪೀಠ ಬೇಡವೆಂದಿದ್ದರೆ ಅವನು ಬರಬೇಕಾಗಿರಲಿಲ್ಲ. ನನ್ನ ಸುಳ್ಳಿನಿಂದ ಒಮ್ಮೆ ತಪ್ಪಿಹೋಗಬೇಕಾಗಿದ್ದ ಊರನ್ನು, ನನ್ನ ಶಿಕ್ಷೆ ಹೊರುವುದಕ್ಕಾಗಿ ಏಳು ದಿನ ಬಿಟ್ಟು ಬಂದಿದ್ದ.

ಗಂಟು ಇಳಿಸಿ, ನೀರು ಕುಡಿದು, ಗೋಡೆ ನೋಡಿದ. ಉತ್ತರದ ಕಡೆ ಗಾಳಿ ಬರುತ್ತದೆ ಎಂದ. ಮರುದಿನದಿಂದ ಕಲ್ಲು ಹೊರಲು ಶುರು ಮಾಡಿದ. ನಾನು ಕೊಡುವುದು, ಅವನು ಪೇರಿಸುವುದು. ಐದು ದಿನ ಕಲ್ಲು, ಮಣ್ಣು, ರೊಟ್ಟಿ, ಇಷ್ಟರ ಮಾತೇ. ಕ್ಷಮಿಸು ಎನ್ನಲು ನಾನು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅವನು ಇನ್ನೊಂದು ಕಲ್ಲು ಕೇಳಿದ. ಆರನೆಯ ದಿನ ಮಧ್ಯಾಹ್ನ ಗೋಡೆಯ ನೆರಳಲ್ಲಿ ಕೂತಿದ್ದಾಗ ಅವನೇ ಕೇಳಿದ.

"ನನ್ನ ಹೆಸರು ಯಾಕೆ ಹೇಳ್ದೆ, ಓಬಯ್ಯ?"

"ನೀನು ಎದುರಿಗೆ ನಿಂತಿದ್ದೆ. ಅಷ್ಟೇ."

ಇನ್ನೇನೋ ದೊಡ್ಡ ಕಾರಣ ಇದ್ದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ, ಆದರೆ ಇರಲಿಲ್ಲ, ಮತ್ತು ಅವನಿಗೆ ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಆಮೇಲೆ ಅವನು ಅಂಗೈಗೆ ಮೆತ್ತಿದ್ದ ಮಣ್ಣು ಉಜ್ಜುತ್ತಾ ಹೇಳಿದ.

"ಅವತ್ತು ಮಣ್ಣು ಬೆವರೋದ ನಾನೂ ನೋಡಿದ್ದೆ. ಮೇಲಿನ ಹಲಗೆ ಇಲ್ದಿದ್ದೂ ನೋಡಿದ್ದೆ. ಮೇಸ್ತ್ರಿ ನೀನು, ನಿನಗೆ ಗೊತ್ತಿರ್ತೈತೆ ಅಂತ ಸುಮ್ಮನಾದೆ. ಜಂಪಣ್ಣ ಇಳಿಯಕ್ಕೆ ಮುಂಚೆ ನನ್ನ ಕಡೆಗೂ ಒಂದು ಸಲ ನೋಡ್ದ. ನಾನು ಹಗ್ಗ ನೋಡ್ತಾ ನಿಂತಿದ್ದೆ."

ಸಭೆಯಲ್ಲಿ ಅವನು ಬಾಯಿ ಮುಚ್ಚಿಕೊಂಡು ನಿಂತದ್ದು ಯಾಕೆಂದು ನನಗೆ ಆಗ ತಿಳಿಯಿತು. ಒಂದು ಮಾತು ಆಡಿದ್ದರೆ ಇನ್ನ್ಯಾವ ಮಾತು ಹಿಂದೆ ಬರುತ್ತದೋ ಎಂದು ಅವನು ಹೆದರಿದ್ದ. ಇದನ್ನು ಊರಿನವರಿಗೆ ಹೇಳಿದೆಯಾ ಎಂದು ಕೇಳಿದೆ. ಪಾಲಕ್ಕನಿಗೆ ಹೇಳಿದ್ದೇನೆ ಎಂದ. ಪೀಠಕ್ಕೆ ಹೆಸರು ಕೊಡುವ ಮುಂಚೆ ಅವಳ ಮನೆಗೆ ಹೋಗಿ ಹೇಳಿದನಂತೆ. ಅವಳು, ಸುಮ್ಮನಿದ್ದರೆ ಏನಾಗುತ್ತದೆಂದು ತಿಳಿದುಕೊಂಡವನೇ ಅಲ್ಲಿ ಕೂರಬೇಕು, ಹೋಗು ಎಂದಳಂತೆ. ಮೊದಲು ಕೂಗಿದವಳೂ ಅವಳೇ ಎಂದು ಆಮೇಲೆ ಜನ ಹೇಳಿದರಂತೆ.

ಎದ್ದು ಹೋಗಿ ಒಂದು ಕಲ್ಲು ತಂದುಕೊಟ್ಟೆ. ಅವನು ಅದನ್ನು ತಿರುವಿ ನೋಡಿ, ಸರಿಯಾದ ಮಗ್ಗುಲು ಹುಡುಕಿ, ಗೋಡೆಯ ಮೇಲಿಟ್ಟ. ಕತ್ತಲಾಗುವ ಮೊದಲು ಉತ್ತರದ ಗೋಡೆ ನನ್ನ ಎದೆಯ ಮಟ್ಟಕ್ಕೆ ಬಂದಿತ್ತು.

ಎಂಟನೆಯ ದಿನ ಬೆಳಿಗ್ಗೆ ಅವನು ಗಂಟು ಕಟ್ಟಿದ. ಶಿಕ್ಷೆಯನ್ನು ಕಡಿಮೆ ಮಾಡಬೇಕೆಂದು ಹೇಳುವ ಅಧಿಕಾರ ಅವನಿಗೆ ಆ ಹೊತ್ತಿನಿಂದ ಇತ್ತು, ಅದು ನನಗೂ ಗೊತ್ತಿತ್ತು. ನಾನು ಕೇಳಲಿಲ್ಲ. ಅವನೂ ಆ ಮಾತೆತ್ತಲಿಲ್ಲ. ದಿಬ್ಬದ ಬುಡದ ತನಕ ಅವನ ಜೊತೆ ನಡೆದೆ. ಅದರಾಚೆ ನಾನು ಹೋಗುವಂತಿರಲಿಲ್ಲ.

"ಇನ್ನು ಮೂರು ವರ್ಷ ಐತೆ" ಎಂದ ಚಿತ್ರಯ್ಯ. "ಮುಗಿಸ್ಕಂಡು ಬಾ."

ಮುಗಿಸಿಕೊಂಡು ಬಂದೆ.